ಅಜ್ಜನ ಜಾವಾ, ಮೊಮ್ಮಗಳ ವಿದ್ಯುತ್ತು

ಕಳೆದ ಕಾರ್ತಿಕ ಮಾಸದಲ್ಲಿ ಮೈಸೂರಿನ ಭಕ್ತರೊಬ್ಬರ ಮನೆಯಲ್ಲಿ ಲಿಂಗೈಕ್ಯ ಹಿರಿಯರ ಪುಣ್ಯಸ್ಮರಣೆಯ ನಿಮಿತ್ತ ಏರ್ಪಟ್ಟಿದ್ದ ಶಿವಾನುಭವ ಗೋಷ್ಠಿಗೆ ನಾವು ಹೋಗಿದ್ದೆವು. ಗೋಷ್ಠಿ ಮುಗಿದು, ಪ್ರಸಾದ ಸ್ವೀಕಾರವಾಗಿ, ತಾಂಬೂಲದ ತಟ್ಟೆ ಮುಂದೆ ಬಂದಾಗ ಆ ಮನೆಯ ಮಕ್ಕಳು ನಮ್ಮ ಮುಂದಿರಿಸಿದ ಪ್ರಶ್ನೆ ಷಟ್‌ಸ್ಥಲಕ್ಕಾಗಲಿ ಪಂಚಾಚಾರಕ್ಕಾಗಲಿ ಸಂಬಂಧಿಸಿದುದಾಗಿರಲಿಲ್ಲ. ಹಿತ್ತಲಿನ ಷೆಡ್ಡಿನಲ್ಲಿ ನಿಂತಿದ್ದ ಒಂದು ಜಾವಾ ಮೋಟಾರ್ ಸೈಕಲ್ಲಿಗೆ ಸಂಬಂಧಿಸಿದುದಾಗಿತ್ತು.

ಗಾಡಿ 1968ನೆಯ ಇಸವಿಯದು. ಲಿಂಗೈಕ್ಯರಾದ ಆ ಹಿರಿಯರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೂರು ದಶಕಗಳಿಗೂ ಮಿಗಿಲಾಗಿ ಎಂಜಿನ್ ಜೋಡಣೆಯ ಕೆಲಸದಲ್ಲಿದ್ದವರು. ಅದೇ ಕಾರ್ಖಾನೆಯ ಗಾಡಿಯನ್ನು ಸಾಲ ಮಾಡಿ ಕೊಂಡು, ಹೆಂಡತಿ ಮತ್ತು ಎರಡು ಮಕ್ಕಳನ್ನು ಅದರ ಮೇಲೆಯೇ ಊರಿಗೆ, ಜಾತ್ರೆಗೆ, ಮಠಕ್ಕೆ ಕರೆದೊಯ್ದವರು. ಅದರ ಎಂಜಿನ್ನನ್ನು ತಮ್ಮ ಕೈಯಾರೆ ಜೋಡಿಸಿದ್ದಾಗಿ ಅವರು ನಮ್ಮೊಡನೆಯೂ ಒಂದೆರಡು ಸಲ ಹೇಳಿದ್ದುಂಟು. ಈಗ ಅವರಿಲ್ಲ. ಗಾಡಿ ಆರೇಳು ವರ್ಷಗಳಿಂದ ಕದಲಿಲ್ಲ.

ಹಿರಿಯ ಮಗನ ಅಭಿಪ್ರಾಯದಲ್ಲಿ ಅದನ್ನು ಮಾರುವುದು ಸೂಕ್ತ. ಹಳೆಯ ವಾಹನ ಸಂಗ್ರಹಿಸುವವರೊಬ್ಬರು ಒಳ್ಳೆಯ ಬೆಲೆ ಹೇಳಿ ಹೋಗಿದ್ದರು. ಕಿರಿಯ ಮಗ ಅದನ್ನು ತೊಳೆದು, ಬಣ್ಣ ಹೊಡೆಸಿ, ಹಜಾರದಲ್ಲಿ ನಿಲ್ಲಿಸೋಣವೆನ್ನುತ್ತಿದ್ದರು. ಹಿರಿಯ ಮಗನ ಮಗಳು ಬೆಂಗಳೂರಿನಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದುತ್ತಿರುವ ಚುರುಕಾದ ಹುಡುಗಿ. ಅವಳು ಹೇಳಿದ್ದೇ ಬೇರೆ.

"ಗುರುಗಳೆ, ಪೆಟ್ರೋಲ್ ಎಂಜಿನ್ ತೆಗೆದು ಎಲೆಕ್ಟ್ರಿಕ್ ಮೋಟಾರು, ಬ್ಯಾಟರಿ ಕೂಡಿಸಿದರೆ ತಾತನ ಗಾಡಿ ಮತ್ತೆ ಓಡುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ. ಹೊಗೆಯಿಲ್ಲ, ಸದ್ದಿಲ್ಲ."

ಮೂಲೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದ ಅಜ್ಜಿಯವರು ಆವರೆಗೆ ಒಂದು ಮಾತೂ ಆಡಿರಲಿಲ್ಲ. ಆಗ ಮಾತ್ರ ಮೆಲ್ಲಗೆ ಅಂದರು: "ಸದ್ದೇ ಇಲ್ಲದ ಮೇಲೆ ಅದು ಅವರ ಗಾಡಿ ಹೆಂಗಾದೀತವ್ವ?"

ಆ ಮಾತಿಗೆ ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ. ನಾಲ್ಕು ದಿನ ಕಾಲಾವಕಾಶ ಕೇಳಿ ಬಂದೆವು. ಅನಂತರ ಒಬ್ಬ ಹಳೆಯ ಮೆಕ್ಯಾನಿಕ್ಕರನ್ನೂ ಒಬ್ಬ ವಕೀಲರನ್ನೂ ಕಂಡು, ಆ ಹುಡುಗಿಯಿಂದಲೇ ಪಾಠ ಹೇಳಿಸಿಕೊಂಡು ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂತಹ ಪ್ರಶ್ನೆ ಇಂದು ಒಂದು ಮನೆಯದಲ್ಲ. ಮೈಸೂರು ಸೀಮೆಯ ಎಷ್ಟೋ ಮನೆಗಳ ಹಿತ್ತಲಿನಲ್ಲಿ ಒಂದು ಜಾವಾ, ಒಂದು ಯೆಜ್ದಿ ಇನ್ನೂ ಗೋಣಿಚೀಲ ಹೊದ್ದು ನಿಂತಿದೆ.

ಮೊದಲು ಗಾಡಿಯ ಮೂಲವನ್ನು ತಿಳಿಯುವುದು ಯುಕ್ತ. ಜಾವಾ ಎಂಬುದು ದ್ವೀಪದ ಹೆಸರಲ್ಲ. ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡು, ಎರಡೂ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಅದು. ನಮ್ಮಲ್ಲಿಗೆ ಅದನ್ನು ತಂದವರು ಇರಾನಿ ಮನೆತನದವರು. 1960ರಲ್ಲಿ ಮೈಸೂರಿನಲ್ಲಿ ಕಂಪನಿ ಸ್ಥಾಪನೆಯಾಗಿ ಮರುವರ್ಷ ಗಾಡಿಗಳು ಹೊರಬಂದವು. ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರು. 1973ರಿಂದ ಯೆಜ್ದಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಸೈರನ್ ಕೂಗಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಮನೆಗಳಲ್ಲಿ ಅಂದು ಒಲೆ ಹೇಗೆ ಉರಿಯಿತೆಂಬುದನ್ನು ಬಲ್ಲವರು ಬಲ್ಲರು.

ಜಾವಾ 250ರ ರೂಪವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಮಡಕೆಯ ಹೊಟ್ಟೆಯಂತೆ ಉಬ್ಬಿದ ಟ್ಯಾಂಕು, ಅದರ ಎರಡೂ ಪಕ್ಕಕ್ಕೆ ಮೊಣಕಾಲಿಗೆ ಆನಿಸಲು ರಬ್ಬರು, ಮುಂದಿನ ದೀಪದ ಬುರುಡೆಯೊಳಗೇ ಅಳವಟ್ಟ ಸ್ಪೀಡೋಮೀಟರು, ಹದಿನಾರು ಅಂಗುಲದ ಕಡ್ಡಿಗಾಲಿಗಳು, ಪೂರ್ತಿ ಮುಚ್ಚಿದ ಚೈನು, ಮೊಟ್ಟೆಯಾಕಾರದ ನುಣುಪಾದ ಎಂಜಿನ್ ಕವಚ. ಸಿಲಿಂಡರು ಒಂದೇ ಆದರೂ ಸೈಲೆನ್ಸರುಗಳು ಎರಡು, ಒಂದೊಂದು ಪಕ್ಕಕ್ಕೊಂದು. ಗೇರು ಹಾಕುವ ಕಡ್ಡಿಯನ್ನೇ ಹಿಂದಕ್ಕೆ ಮಡಚಿದರೆ ಅದೇ ಕಿಕ್ಕು. ಗೇರು ಒತ್ತಿದಾಗ ಕ್ಲಚ್ಚು ತಾನೇ ಬಿಡುವಂತೆ ಮಾಡಿದ ಉಪಾಯವೂ ಅದರಲ್ಲಿದೆ. ಎಂಜಿನ್ನಿನ ಗಾತ್ರ 250 ಸಿ.ಸಿ.ಗೆ ತುಸು ಕಡಿಮೆ, ಶಕ್ತಿ ಸುಮಾರು 12 ಅಶ್ವಶಕ್ತಿ. ಎರಡು ಸ್ಟ್ರೋಕಿನದಾದ್ದರಿಂದ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಆ ಎಣ್ಣೆಯೂ ಸುಟ್ಟು ನೀಲಿ ಹೊಗೆಯಾಗಿ ಹೊರಬರುತ್ತದೆ. ಹೊಗೆಯನ್ನು ಹೊಗಳುವ ಅಗತ್ಯ ನಮಗಿಲ್ಲ. ಗಾಡಿಪ್ರೇಮಿಗಳು ಅದನ್ನು ಸುಗಂಧವೆನ್ನುತ್ತಾರೆ. ಅವರ ಹಿಂದೆ ಬರುವವರನ್ನು ಯಾರೂ ಕೇಳಿದಂತಿಲ್ಲ.

ಒಳಗಿನದನ್ನು ಬದಲಿಸಿ ಹೊರರೂಪವನ್ನು ಉಳಿಸಿಕೊಳ್ಳುವ ಈ ಯೋಚನೆ ಆ ಹುಡುಗಿಯ ಹೊಸ ಶೋಧವೇನಲ್ಲ. 2018ರ ನವೆಂಬರಿನಲ್ಲಿ ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿ ಜಾವಾ ಹೆಸರನ್ನು ಮತ್ತೆ ಬೀದಿಗೆ ತಂದಾಗ ಮಾಡಿದ್ದೂ ಇದನ್ನೇ. ಟ್ಯಾಂಕು, ಬಣ್ಣ, ಎರಡು ಸೈಲೆನ್ಸರುಗಳು ಹಳೆಯವುಗಳ ಹಾಗೆ. ಎಂಜಿನ್ ಮಾತ್ರ ನಾಲ್ಕು ಸ್ಟ್ರೋಕಿನ, ದ್ರವದಿಂದ ತಂಪಾಗುವ, 293 ಸಿ.ಸಿ.ಯ ಹೊಸ ಯಂತ್ರ. ಅದೇ ವರ್ಷ ಮೇ ತಿಂಗಳಲ್ಲಿ ಇಂಗ್ಲೆಂಡಿನ ವಿಂಡ್ಸರಿನಲ್ಲಿ ರಾಜಕುಮಾರ ಹ್ಯಾರಿ ತನ್ನ ವಿವಾಹದ ಸಂಜೆ ವಧುವಿನೊಡನೆ ಹೊರಟ ಜಾಗ್ವಾರ್ ಇ-ಟೈಪ್ ಕಾರು 1968ರದು. ಅದರೊಳಗೆ ಪೆಟ್ರೋಲ್ ಎಂಜಿನ್ ಇರಲಿಲ್ಲ, ವಿದ್ಯುತ್ ಮೋಟಾರಿತ್ತು. ಆ ಕಂಪನಿಯವರು ಒಂದು ವಿವೇಕವನ್ನು ತೋರಿದ್ದರು. ಹಳೆಯ ಎಂಜಿನ್ ಕುಳಿತಿದ್ದಷ್ಟೇ ಜಾಗದಲ್ಲಿ, ಹೆಚ್ಚುಕಡಿಮೆ ಅದರಷ್ಟೇ ತೂಕದ ಬ್ಯಾಟರಿಯನ್ನು ಕೂಡಿಸಿದ್ದರಿಂದ, ಬೇಕೆಂದಾಗ ಹಳೆಯ ಎಂಜಿನ್ನನ್ನು ಮತ್ತೆ ಇರಿಸಬಹುದಾಗಿತ್ತು. ಈ ಒಂದು ಅಂಶವನ್ನು ಓದುಗರು ನೆನಪಿನಲ್ಲಿಡಬೇಕು.

ಅಂಗಾಂಗ ಬದಲಾದರೆ ವಸ್ತು ಅದೇ ಆಗಿ ಉಳಿಯುತ್ತದೆಯೆ? ನಮ್ಮ ಕ್ಷೇತ್ರಗಳ ತೇರುಗಳನ್ನು ನೋಡಿ. ಗಾಲಿ ಸೀಳಿದರೆ ಗಾಲಿ ಬದಲಾಯಿಸುತ್ತಾರೆ, ಅಚ್ಚು ಸವೆದರೆ ಅಚ್ಚು. ನೂರು ವರ್ಷದಲ್ಲಿ ಎಷ್ಟು ಮರ ಮೂಲದ್ದು ಉಳಿದಿದೆಯೋ ಬಡಗಿಯೇ ಬಲ್ಲ. ಆದರೂ ಅದು ಅದೇ ತೇರು, ಅದಕ್ಕೇ ಹಣ್ಣು ಜವನ ಎಸೆಯುತ್ತೇವೆ. ಹಾಗೆಯೇ ಶಿವದಾರ ಹಳತಾದರೆ ಹೊಸದು ಕಟ್ಟಿಕೊಳ್ಳುತ್ತೇವೆ, ಕರಡಿಗೆ ಸವೆದರೆ ಅಕ್ಕಸಾಲಿಗರಲ್ಲಿಗೆ ಕಳುಹಿಸುತ್ತೇವೆ. ಒಳಗಿರುವ ಇಷ್ಟಲಿಂಗವನ್ನು ಬದಲಾಯಿಸುವ ಮಾತಿಲ್ಲ. ಹಾಗಾದರೆ ಗಾಡಿಯಲ್ಲಿ ಕರಡಿಗೆ ಯಾವುದು, ಒಳಗಿನದು ಯಾವುದು? ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುತ್ತೇವೆ; ಲಿಂಗತತ್ತ್ವವನ್ನು ಲೋಹದ ಗಾಡಿಗೆ ಹೆಚ್ಚು ಎಳೆಯುವುದು ತರವಲ್ಲ. ಆದರೆ ಪ್ರಶ್ನೆಯೇನೋ ನಿಜವಾದುದು. ಬೇರೊಂದು ಮನೆಯಲ್ಲಿ ಎಂಜಿನ್ ಕೇವಲ ಎಂಜಿನ್ ಆಗಿರಬಹುದು. ಈ ಮನೆಯಲ್ಲಿ ಅದು ಯಜಮಾನರ ಕಾಯಕ. ಟ್ಯಾಂಕನ್ನು ಬೇರೊಬ್ಬ ಕೆಲಸಗಾರ ಬಡಿದ, ಬಣ್ಣವನ್ನು ಇನ್ನೊಬ್ಬ ಬಳಿದ. ಅವರ ಕೈ ಬಿದ್ದದ್ದು ಎಂಜಿನ್ನಿನ ಮೇಲೆ. "ತಾತನ ನೆನಪಿಗಾಗಿ" ಎಂದು ಹೊರಟು ತಾತ ಮಾಡಿದ್ದನ್ನೇ ತೆಗೆದು, ತಾತ ಮಾಡದುದನ್ನು ಉಳಿಸಿಕೊಂಡಂತಾಗುವುದಲ್ಲವೆ? ಬಾಚಿಕಾಯಕದ ಬಸವಯ್ಯನ ಪರಂಪರೆಯವರು ನಾವು; ಉಳಿ ಬಾಚಿ ಹಿಡಿದ ಕೈಯ ಕೆಲಸವನ್ನು ಅನುಭವದ ಮಾತಿಗಿಂತ ಕಡಿಮೆಯೆಂದು ಎಣಿಸಿದವರಲ್ಲ.

ನಾವು ಇದನ್ನು ಹುಡುಗಿಗೆ ಹೇಳಿದಾಗ ಅವಳು ಸುಮ್ಮನಾದಳು. ಆದರೆ ಸೋಲಲಿಲ್ಲ. "ಎಂಜಿನ್ ಇದ್ದೂ ಗಾಡಿ ನಿಂತೇ ಇದ್ದರೆ ಅದು ಸ್ಥಾವರವೇ ಅಲ್ಲವೆ ಗುರುಗಳೆ? ತಾತ ಅದನ್ನು ಓಡುವುದಕ್ಕೆಂದು ಜೋಡಿಸಿದ್ದು" ಎಂದಳು. ಶರಣರ ಮಾತನ್ನು ನಮ್ಮ ಮೇಲೆಯೇ ತಿರುಗಿಸುವಷ್ಟು ಗೋಷ್ಠಿಯಲ್ಲಿ ಕಿವಿಗೊಟ್ಟಿದ್ದಾಳೆಂದು ನಮಗೆ ಒಳಗೊಳಗೇ ಸಂತೋಷವೇ ಆಯಿತು.

ಇನ್ನು ಲೆಕ್ಕದ ಮಾತು. ವಿದ್ಯುತ್ತಿಗೆ ಬದಲಾಯಿಸಿದರೆ ಹಣ ಉಳಿಯುತ್ತದೆಂಬುದು ಸಾಮಾನ್ಯ ನಂಬಿಕೆ. ಅವಳು ಯೋಚಿಸಿದ್ದ ಬ್ಯಾಟರಿ 72 ವೋಲ್ಟು, 40 ಆಂಪಿಯರ್-ಗಂಟೆಯದು. ಗುಣಿಸಿದರೆ ಸುಮಾರು 2.9 ಯೂನಿಟ್. ಇಂತಹ ಗಾಡಿ ಸಾವಕಾಶವಾಗಿ ಓಡಿದರೆ ಕಿಲೋಮೀಟರಿಗೆ 35ರಿಂದ 40 ವ್ಯಾಟ್-ಗಂಟೆ ಬೇಡುತ್ತದೆ. ಅಂದರೆ ಒಂದು ಸಲ ತುಂಬಿಸಿದರೆ 70-75 ಕಿಲೋಮೀಟರು. ಚಾರ್ಜ್ ಮಾಡುವಾಗ ಸೋರುವುದನ್ನೂ ಸೇರಿಸಿ, ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಇಪ್ಪತ್ತಮೂರು ಇಪ್ಪತ್ತನಾಲ್ಕು ರೂಪಾಯಿಗಳಲ್ಲಿ ಮುಗಿಯಿತು. ಅಷ್ಟೇ ದೂರಕ್ಕೆ ಜಾವಾ ಎರಡು ಲೀಟರಿಗೆ ಮೇಲ್ಪಟ್ಟು ಪೆಟ್ರೋಲು, ಜೊತೆಗೆ ಎಣ್ಣೆ ಕುಡಿಯುತ್ತದೆ. ಇನ್ನೂರ ಇಪ್ಪತ್ತಕ್ಕೂ ಮಿಕ್ಕಿತು. ಉಳಿತಾಯ ಇನ್ನೂರು ರೂಪಾಯಿ! ಆದರೆ ಮೋಟಾರು, ಬ್ಯಾಟರಿ, ಕಂಟ್ರೋಲರು, ಚಾರ್ಜರು, ಲೇತ್ ಕೆಲಸ ಎಲ್ಲ ಸೇರಿ ಅವಳೇ ಬರೆದು ತೋರಿಸಿದ ಅಂದಾಜು ಒಂದು ಲಕ್ಷ. ಇನ್ನೂರರಂತೆ ಅದು ತೀರಬೇಕಾದರೆ ಗಾಡಿ 37,500 ಕಿಲೋಮೀಟರು ಓಡಬೇಕು. ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ ಹೊರತೆಗೆಯುವ ಹಳೆಯ ಗಾಡಿ ಅಷ್ಟು ಓಡುವ ಹೊತ್ತಿಗೆ ಬ್ಯಾಟರಿಯೇ ಮುಪ್ಪಾಗಿರುತ್ತದೆ. ಆದ್ದರಿಂದ ಉಳಿತಾಯದ ನೆಪದಲ್ಲಿ ಯಾರೂ ಈ ಕೆಲಸಕ್ಕೆ ಕೈಹಾಕಬಾರದು. ದಿನನಿತ್ಯದ ಓಡಾಟಕ್ಕೆ ವಿದ್ಯುತ್ ವಾಹನ ಬೇಕೆಂದರೆ ಹೊಸ ಸ್ಕೂಟರನ್ನೇ ಕೊಳ್ಳುವುದು ಮೇಲು. ಆಯ್ದಕ್ಕಿ ಲಕ್ಕಮ್ಮ ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಿರುಗಿಸಿ ಬಾರೆಂದು ಗಂಡನನ್ನು ಕಳುಹಿಸಿದ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು; ಲೆಕ್ಕ ಹಾಕದೆ ತರುವುದು ಭಕ್ತಿಯ ಲಕ್ಷಣವಲ್ಲ.

ಕಾನೂನು ಇದಕ್ಕಿಂತ ಕಟ್ಟುನಿಟ್ಟು. ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಲಾಗದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಇಂಧನ ಬದಲಿಸುವುದಕ್ಕೆ, ಬ್ಯಾಟರಿಗೆ ಮಾರ್ಪಡಿಸುವುದಕ್ಕೆ ಅದೇ ಕಲಮಿನಲ್ಲಿ ಅವಕಾಶವುಂಟು. ಆದರೆ ಪುಣೆಯ ಎ.ಆರ್.ಎ.ಐ.ನಂತಹ ಪರೀಕ್ಷಾ ಸಂಸ್ಥೆಗಳಲ್ಲಿ ಆಯಾ ಮಾದರಿಯ ವಾಹನಕ್ಕೆಂದೇ ಒಪ್ಪಿಗೆ ಪಡೆದ ಕಿಟ್ಟನ್ನೇ ಬಳಸಬೇಕು, ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ. ಪುಸ್ತಕ ತಿದ್ದಿಸಬೇಕು. ಹೀಗೆ ಪರೀಕ್ಷೆಗೆ ಹಣ ಸುರಿಯುವವರು ಹೀರೋ ಸ್ಪ್ಲೆಂಡರಿನಂತಹ ಲಕ್ಷಗಟ್ಟಲೆ ಓಡುವ ಗಾಡಿಗಳಿಗೆ ಕಿಟ್ ಮಾಡುತ್ತಾರೆಯೇ ಹೊರತು, ಷೆಡ್ಡಿನಲ್ಲಿ ನಿಂತ ಜಾವಾಗಳಿಗಾಗಿ ಮಾಡುವುದು ಲಾಭದ ಮಾತಲ್ಲ. ಗ್ಯಾರೇಜಿನಲ್ಲಿ ತಾವೇ ಜೋಡಿಸಿದ ಗಾಡಿಯನ್ನು ಬೀದಿಗಿಳಿಸಿ, ಆಕಸ್ಮಾತ್ ಅಪಘಾತವಾದರೆ ವಿಮೆಯವರು ಕೈಯೆತ್ತುತ್ತಾರೆ. ಗಾಯಗೊಂಡವರ ಮನೆಗೆ ಏನೆಂದು ಹೇಳುವುದು?

ಇನ್ನೊಂದು ನಿಯಮ ನಮ್ಮ ಪ್ರಶ್ನೆಯ ಬುಡಕ್ಕೇ ತಾಗಿತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ ವಾಹನಗಳಿಗೆ, ದ್ವಿಚಕ್ರ ವಾಹನಗಳೂ ಸೇರಿ, ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಅನಂತರ ನವೀಕರಣಕ್ಕೆ 5,000. ಫಲಕದಲ್ಲಿ ವಿ.ಎ. ಎಂಬ ಅಕ್ಷರಗಳು. ದಿನದ ಓಡಾಟಕ್ಕಲ್ಲ, ಪ್ರದರ್ಶನ, ರ್‍ಯಾಲಿ ಮುಂತಾದವಕ್ಕೆ ಮಾತ್ರ. ಈ ಗೌರವ ಬೇಕೆಂದರೆ ಚಾಸಿ, ಹೊರಮೈ, ಎಂಜಿನ್ ಮೂರೂ ಮೂಲರೂಪದಲ್ಲಿಯೇ ಇರಬೇಕು. ಎಂಜಿನ್ ತೆಗೆದೊಡನೆ ಐವತ್ತು ವರ್ಷದ ಹಿರಿತನವೂ ಕಾನೂನಿನ ಕಣ್ಣಿನಲ್ಲಿ ಹೋಯಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಕೂಡ ಇದೇ ನಿಲುವಿನದು: ವಿದ್ಯುತ್ತಿಗೆ ಬದಲಾದುದು ಐತಿಹಾಸಿಕ ವಾಹನವಾಗಿ ಉಳಿಯದು; ಬದಲಾಯಿಸಲೇಬೇಕಾದರೆ ಮತ್ತೆ ಹಿಂದಿರುಗುವಂತೆ ಬದಲಾಯಿಸಿ, ತೆಗೆದ ಭಾಗಗಳಿಗೆ ಗುರುತು ಬರೆದು ಜೋಪಾನವಾಗಿರಿಸಿ ಎಂಬುದು ಅದರ ಸಲಹೆ.

ಈ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ನಾಲ್ಕು ದಿನದ ಬದಲು ಹದಿನೈದು ದಿನಕ್ಕೆ ನಾವು ಮತ್ತೆ ಆ ಮನೆಗೆ ಹೋದೆವು. ಜೊತೆಗೆ ಯಜಮಾನರ ಸಹೋದ್ಯೋಗಿಯಾಗಿದ್ದ ಹಳೆಯ ಮೆಕ್ಯಾನಿಕ್ಕರೂ ಬಂದರು. ಅವರು ಗಾಡಿಯ ಪ್ಲಗ್ಗು ಬಿಚ್ಚಿ, ಸಿಲಿಂಡರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಗಾಲಿಯನ್ನು ಮೆಲ್ಲನೆ ತಿರುಗಿಸಿ ಕಿವಿಗೊಟ್ಟರು. "ಹಿಡಿದುಕೊಂಡಿಲ್ಲ. ಕಾರ್ಬುರೇಟರ್ ತೊಳೆದು, ಪಾಯಿಂಟ್ ತೀಡಿ, ಹೊಸ ಸೀಲ್ ಹಾಕಿದರೆ ಇದು ಉಸಿರಾಡುತ್ತದೆ" ಎಂದರು. ನಮ್ಮ ಅಭಿಪ್ರಾಯ ಅಲ್ಲಿಗೆ ಖಚಿತವಾಯಿತು: ಬದುಕಿರುವ ಎಂಜಿನ್ನನ್ನು ಕೀಳಬಾರದು. ಮೈಸೂರಿನಲ್ಲಿ ಜಾವಾ ಬಲ್ಲ ಕೈಗಳು ಇನ್ನೂ ಇರುವಾಗ, ಬಿಡಿಭಾಗಗಳು ದೊರೆಯುವಾಗ, ಅದು ಅವಿಚಾರ.

ಹುಡುಗಿಯ ಕಣ್ಣಿನಲ್ಲಿ ನೀರು ಬಂತು. ಆಗ ಅಜ್ಜಿಯವರು ಎಲ್ಲರೂ ಮರೆತಿದ್ದ ಒಂದು ಸಂಗತಿಯನ್ನು ಹೊರತೆಗೆದರು.

"ಊರಿನ ಕೊಟ್ಟಿಗೇಲಿ ಇನ್ನೊಂದು ಬಿದ್ದಿದೆಯಲ್ಲ ಮಗ. ಕಾರ್ಖಾನೆ ಮುಚ್ಚಿದ ಮೇಲೆ ನಿಮ್ಮಪ್ಪಾಜಿ ಗುಜರಿಯಿಂದ ತಂದು ಹಾಕಿದ್ದರು, ಸಾಮಾನು ಬಿಚ್ಚಿಕೊಳ್ಳೋಕೆ ಅಂತ."

ನಿಜ. ತಿರುಮಕೂಡಲು ನರಸೀಪುರದ ಕಡೆಯ ಅವರ ತೆಂಗಿನ ತೋಟದ ಕೊಟ್ಟಿಗೆಯಲ್ಲಿ, ಒಣ ಗರಿಗಳ ಕೆಳಗೆ, ಎರಡನೆಯ ಜಾವಾ ಸಿಕ್ಕಿತು. ಅದರ ಕ್ರ್ಯಾಂಕ್ ಮುರಿದಿತ್ತು, ಸಿಲಿಂಡರು ತುಕ್ಕಿನಿಂದ ಒಂದಾಗಿತ್ತು, ಕಾಗದಪತ್ರ ಒಂದೂ ಇರಲಿಲ್ಲ. ಚೌಕಟ್ಟು ಮಾತ್ರ ನೆಟ್ಟಗಿತ್ತು. ಟ್ಯಾಂಕು ನೆಗ್ಗಿದ್ದರೂ ತೂತಾಗಿರಲಿಲ್ಲ. ಬೀದಿಗೆ ಬರುವ ಯೋಗ ಅದಕ್ಕಿಲ್ಲ. ತೋಟದ ಬೇಲಿಯೊಳಗೆ ಓಡಿದರೆ ಸಾಕು.

ಕೆಲಸ ಸಂಕ್ರಾಂತಿಯ ಅನಂತರ ಶುರುವಾಯಿತು. ನಾವು ಒಂದು ನಿಯಮವನ್ನು ಮಾತ್ರ ಹೇಳಿದೆವು: ಕತ್ತರಿಸಬಾರದು, ಕೊರೆಯಬಾರದು, ಬೆಸುಗೆ ಹಾಕಬಾರದು. ಮುರುಕಾದರೂ ಅದು ಜಾವಾವೇ. ಮುಂದೊಮ್ಮೆ ಯಾರಿಗಾದರೂ ಒಳ್ಳೆಯ ಎಂಜಿನ್ ಸಿಕ್ಕರೆ ಕೂಡಿಸುವಂತಿರಬೇಕು.

ಮೊದಲು ಎದುರಾದುದು ಮೋಟಾರನ್ನು ಎಲ್ಲಿ ಕೂಡಿಸುವುದೆಂಬ ಪ್ರಶ್ನೆ. ಹಿಂದಿನ ಗಾಲಿಯ ನಡುವಿನಲ್ಲಿಯೇ ಕೂರುವ ಮೋಟಾರುಗಳು ಅಗ್ಗ, ಜೋಡಣೆಯೂ ಸುಲಭ. ಆದರೆ ಗಾಲಿಯನ್ನೇ ಬದಲಿಸಬೇಕು. ಜಾವಾದ ಕಡ್ಡಿಗಾಲಿ, ಡ್ರಮ್ ಬ್ರೇಕು, ಮುಚ್ಚಿದ ಚೈನು ಎಲ್ಲ ಹೋಗಿ ಆ ಜಾಗದಲ್ಲಿ ಹಪ್ಪಳದ ಡಬ್ಬಿಯಂತಹ ಒಂದು ತಟ್ಟೆ ಕಾಣಿಸಿಕೊಳ್ಳುತ್ತದೆ. ಹುಡುಗಿ ಅದನ್ನು ಒಪ್ಪಲಿಲ್ಲ. ಎಂಜಿನ್ ಇದ್ದ ಜಾಗದಲ್ಲಿಯೇ, ಹಳೆಯ ಬೋಲ್ಟ್ ತೂತುಗಳಿಗೇ ಒಂದು ಉಕ್ಕಿನ ತೊಟ್ಟಿಲು ಮಾಡಿಸಿ, ಅದರ ಹಿಂಭಾಗದಲ್ಲಿ ಮೂರು ಕಿಲೋವ್ಯಾಟಿನ ಮೋಟಾರನ್ನು, ಮುಂಭಾಗದಲ್ಲಿ ಬ್ಯಾಟರಿಯನ್ನು ಕೂಡಿಸುವುದೆಂದು ನಿಶ್ಚಯವಾಯಿತು. ಮೂರು ಕಿಲೋವ್ಯಾಟ್ ಎಂದರೆ ನಾಲ್ಕು ಅಶ್ವಶಕ್ತಿ. ಮೂಲ ಎಂಜಿನ್ನಿನ ಮೂರರಲ್ಲೊಂದು ಪಾಲು. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಎಳೆತ ಕೊಡುವುದರಿಂದ ಅಷ್ಟೇ ಸಾಕು. ಹೆಚ್ಚು ಕೊಟ್ಟರೆ ಹಳೆಯ ಚೌಕಟ್ಟಿಗೂ ಬ್ರೇಕಿಗೂ ಅದು ಭಾರ.

ಮೊದಲ ಸಲ ಗಾಡಿ ಓಡಲಿಲ್ಲ. ಹತ್ತು ಮಾರು ತೆವಳಿ, ಮೋಟಾರು ಬಿಸಿಯೇರಿ, ಕಂಟ್ರೋಲರು ತಾನೇ ಕರೆಂಟು ಕಡಿದುಕೊಂಡಿತು. ಎರಡನೆಯ ಸಲವೂ ಅದೇ. ತಂತಿಯ ತಪ್ಪೆಂದು ಮೂರು ದಿನ ತಂತಿ ತಡಕಿದ್ದಾಯಿತು. ಕೊನೆಗೆ ಹಿಡಿದವರು ಮೆಕ್ಯಾನಿಕ್ಕರು. ಅವರು ವಿದ್ಯುತ್ತನ್ನು ನೋಡಲಿಲ್ಲ, ಹಲ್ಲುಗಳನ್ನು ಎಣಿಸಿದರು. ಜಾವಾದ ಗಾಲಿಯ ಸುತ್ತಳತೆ ಸುಮಾರು 1.8 ಮೀಟರು. ಗಂಟೆಗೆ 60 ಕಿಲೋಮೀಟರಿನಲ್ಲಿ ಅದು ನಿಮಿಷಕ್ಕೆ 550 ಸುತ್ತು ತಿರುಗುತ್ತದೆ. ಮೋಟಾರಿನ ವೇಗ ನಿಮಿಷಕ್ಕೆ 3,500. ಅಂದರೆ ಮೋಟಾರು ಆರು ಸುತ್ತು ಸುತ್ತಿದಾಗ ಗಾಲಿ ಒಂದು ಸುತ್ತು ಬರಬೇಕು. ಆದರೆ ಜಾವಾದ ಚೈನಿನ ಎರಡು ಸ್ಪ್ರಾಕೆಟ್ಟುಗಳು ಸೇರಿ ವೇಗವನ್ನು ತಗ್ಗಿಸುವುದು ಎರಡೂವರೆ ಪಟ್ಟು ಮಾತ್ರ. ಉಳಿದುದನ್ನು ಹಿಂದೆ ಎಂಜಿನ್ನಿನೊಳಗಿನ ಗೇರುಪೆಟ್ಟಿಗೆ ಮಾಡುತ್ತಿತ್ತು. ಅದನ್ನು ತೆಗೆದುಹಾಕಿ ಮೋಟಾರನ್ನು ನೇರವಾಗಿ ಚೈನಿಗೆ ಕಟ್ಟಿದರೆ, ಭಾರದ ಗಾಡಿಯನ್ನು ಟಾಪ್ ಗೇರಿನಲ್ಲಿ ಎಬ್ಬಿಸಲು ಹೊರಟಂತೆ. ನಡುವೆ ಇನ್ನೊಂದು ಎರಡೂವರೆ ಪಟ್ಟಿನ ಬೆಲ್ಟು ಮತ್ತು ಪುಲಿ ಇರಿಸಿದ ಮೇಲೆ ಗಾಡಿ ಒಂದೇ ಸಲಕ್ಕೆ ತೆಂಗಿನ ಸಾಲಿನ ತುದಿ ಮುಟ್ಟಿತು. ಕಾಲೇಜಿನಲ್ಲಿ ಕಲಿಯುವ ಹುಡುಗಿ ಅಂದಿನಿಂದ ಅವರನ್ನು "ಮೇಷ್ಟ್ರೆ" ಎಂದೇ ಕರೆಯುತ್ತಾಳೆ.

ಬ್ಯಾಟರಿಯ ಆಯ್ಕೆಯಲ್ಲಿ ಅವಳು ತೋರಿದ ಎಚ್ಚರ ಮೆಚ್ಚತಕ್ಕದ್ದು. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ತಗುಲಿದ್ದು, ಅನಂತರ ಸರ್ಕಾರ ಬ್ಯಾಟರಿಯ ಸುರಕ್ಷತಾ ನಿಯಮಗಳನ್ನು ಬಿಗಿಗೊಳಿಸಿದ್ದು ಓದುಗರಿಗೆ ನೆನಪಿರಬಹುದು. ಲಿಥಿಯಂ ಬ್ಯಾಟರಿಗಳಲ್ಲೇ ಕಬ್ಬಿಣ ಮತ್ತು ರಂಜಕದ ಲವಣ ಬಳಸುವ ಒಂದು ಬಗೆಯುಂಟು. ತೂಕ ಹೆಚ್ಚು, ಆದರೆ ಕಾವನ್ನು ಹೆಚ್ಚು ತಾಳುತ್ತದೆ. ಅದನ್ನೇ ಆರಿಸಿದಳು. ಒಂದೊಂದು ಕೋಶದ ಮೇಲೂ ಕಣ್ಣಿಟ್ಟು ಅತಿಯಾದಾಗ ಕರೆಂಟು ಕಡಿಯುವ ಒಂದು ಕಾವಲು ಫಲಕವೂ ಅದಕ್ಕಿದೆ. ಚಾರ್ಜಿಗೆ ಹಾಕುವುದು ಕೊಟ್ಟಿಗೆಯ ಹೊರಜಗಲಿಯಲ್ಲಿ, ಒಣ ಗರಿ ಹುಲ್ಲುಗಳಿಂದ ದೂರ. ವಿದ್ಯುತ್ ಸ್ಕೂಟರುಳ್ಳ ಮನೆಯವರಿಗೂ ಇದೇ ನಮ್ಮ ಬಿನ್ನಹ: ಮಲಗುವ ಕೋಣೆಯಲ್ಲಿ, ಹೊರಹೋಗುವ ಬಾಗಿಲ ಬಳಿ, ಮೆಟ್ಟಿಲ ಕೆಳಗೆ ಚಾರ್ಜಿಗೆ ಇಡಬೇಡಿ.

ನಮಗೆ ತುಂಬ ಹಿಡಿಸಿದ್ದು ಟ್ಯಾಂಕಿನ ಉಪಾಯ. ಪೆಟ್ರೋಲ್ ವಾಸನೆ ಹೋಗುವವರೆಗೆ ತೊಳೆದು ಒಣಗಿಸಿ, ಮುಚ್ಚಳದ ಬಾಯಿಯೊಳಗೆ ಚಾರ್ಜಿಂಗ್ ಸಾಕೆಟ್ಟನ್ನು ಕೂರಿಸಿದ್ದಾಳೆ. ತಂತಿ ಇಳಿಯಲು ಹೊಸ ತೂತು ಕೊರೆದಿಲ್ಲ; ಕೆಳಗೆ ಪೆಟ್ರೋಲ್ ಕೊಳಾಯಿ ಇದ್ದ ತೂತಿನಿಂದಲೇ ಇಳಿದಿದೆ. ಪೆಟ್ರೋಲು ಹೊಯ್ಯುತ್ತಿದ್ದಲ್ಲಿಗೇ ಈಗ ವಿದ್ಯುತ್ತು. ಸೀಟಿನ ಕೆಳಗೆ ಹಳೆಯ ಆರು ವೋಲ್ಟಿನ ಬ್ಯಾಟರಿಯೂ ಸ್ಪ್ಯಾನರುಗಳೂ ಇರುತ್ತಿದ್ದ ಪಕ್ಕದ ಡಬ್ಬಿಗಳಲ್ಲಿ ಕಂಟ್ರೋಲರು ಅಡಗಿದೆ. ಒಂದು ವಿಷಯದಲ್ಲಿ ಮಾತ್ರ ನಮಗೂ ಅವಳಿಗೂ ಒಮ್ಮತವಾಗಲಿಲ್ಲ. ಎರಡು ಸೈಲೆನ್ಸರುಗಳನ್ನೂ ಹಾಗೆಯೇ ಉಳಿಸಿದ್ದಾಳೆ. ಹೊಗೆಯೇ ಇಲ್ಲದ ಮೇಲೆ ಹೊಗೆಕೊಳವೆ ಏಕೆ, ಒಳಗಿಲ್ಲದುದನ್ನು ಹೊರಗೆ ತೋರುವುದನ್ನು ನಮ್ಮ ಶರಣರು ಮೆಚ್ಚಿದವರಲ್ಲವಲ್ಲ ಎಂದೆವು. "ಕೊಳವೆ ತೆಗೆದರೆ ಅದು ಜಾವಾನೇ ಅಲ್ಲ ಗುರುಗಳೆ" ಎಂದಳು. ಮೇಷ್ಟ್ರು ಅವಳ ಪಕ್ಷ ವಹಿಸಿದ್ದರಿಂದ ನಾವು ಸುಮ್ಮನಾದೆವು.

ಶಿವನಸಮುದ್ರದಲ್ಲಿ 1902ರಲ್ಲಿಯೇ ಕಾವೇರಿಯಿಂದ ವಿದ್ಯುತ್ ತೆಗೆದು ಕೋಲಾರದ ಗಣಿಗಳಿಗೆ ಕಳುಹಿಸಿದ ಸೀಮೆ ನಮ್ಮದು. ಆ ತೋಟದಿಂದ ಅದೇನೂ ಬಹು ದೂರವಲ್ಲ. ಮೈಸೂರಿನ ಕಬ್ಬಿಣಕ್ಕೂ ಆ ನೀರಿನ ಕರೆಂಟಿಗೂ ನಂಟು ಕೂಡುವುದು ಇಷ್ಟು ತಡವಾಯಿತೆಂಬುದೇ ಆಶ್ಚರ್ಯ.

ಅತ್ತ ಮನೆಯ ಗಾಡಿಯ ಎಂಜಿನ್ ಬಿಚ್ಚಿ ತೊಳೆದು ಕೂಡಿಸಿದ್ದಾಯಿತು. ಒಳಗೆ ಕ್ರ್ಯಾಂಕಿನ ಪಕ್ಕದಲ್ಲಿ ಯಜಮಾನರು ಹಿಂದೊಮ್ಮೆ ಸ್ವತಃ ಹಾಕಿದ ತಾಮ್ರದ ತೆಳು ತಗಡೊಂದು ಸಿಕ್ಕಿತು. ಅಳತೆ ಸರಿಯಾಗಿತ್ತೆಂದು ಮೇಷ್ಟ್ರು ಅದನ್ನು ತೆಗೆಯಲಿಲ್ಲ. ವಿಂಟೇಜ್ ನೋಂದಣಿಗೆ ಹಿರಿಯ ಮಗನೇ ಮುಂದೆ ನಿಂತು ಅರ್ಜಿ ಹಾಕಿದ್ದಾರೆ. ಮಾರುವ ಮಾತನ್ನು ಅವರು ಮತ್ತೆ ಎತ್ತಿಲ್ಲ. ಅದು ಮೊದಲ ಸಲ ಕಿಕ್ಕಿಗೆ ಎದ್ದು ಹಿತ್ತಲ ತುಂಬ ನೀಲಿ ಹೊಗೆ ಬಿಟ್ಟಾಗ ಅಜ್ಜಿಯವರು ಅಡಿಗೆಮನೆಯಿಂದ ಹೊರಗೆ ಬಂದು ಬಾಗಿಲ ಬಳಿ ನಿಂತರು. ಏನೂ ಅನ್ನಲಿಲ್ಲ. ಒಳಹೋಗಿ ಒಂದು ಲೋಟ ಕಾಫಿ ಹೆಚ್ಚಾಗಿ ಮಾಡಿದರೆಂದು ಸೊಸೆಯವರು ಹೇಳಿದರು.

ತೋಟದ ಗಾಡಿಯನ್ನು ಕಳೆದ ತಿಂಗಳು ನಾವು ನೋಡಿ ಬಂದೆವು. ಹಿಂದಿನ ಸೀಟಿನಲ್ಲಿ ಕಾಯಿಯ ಚೀಲ ಹೇರಿಕೊಂಡು ತೆಂಗಿನ ಸಾಲಿನ ನಡುವೆ ಬರುತ್ತದೆ, ನವಿಲುಗಳೂ ಹಾರುವುದಿಲ್ಲ. ಎಂಜಿನ್ನಿನ ನಡುಕವಿಲ್ಲದ್ದರಿಂದ ಮಡ್‌ಗಾರ್ಡಿನ ಒಂದೊಂದು ಸಡಿಲ ನಟ್ಟಿನ ಕಿರುಗುಟ್ಟುವಿಕೆಯೂ ಕೇಳಿಸುತ್ತದೆ. ಅಜ್ಜಿಯವರು ಒಮ್ಮೆ ಅದರ ಹಿಂದೆ ಕುಳಿತು ಬಾವಿಯವರೆಗೆ ಹೋಗಿಬಂದರು. ಅವರದು ಒಂದೇ ಆಕ್ಷೇಪಣೆ: ಹಿಂದಿನಿಂದ ಬಂದದ್ದು ಗೊತ್ತಾಗುವುದಿಲ್ಲ, ಬಗ್ಗಿ ಕಾಯಿ ಆಯುವವರಿಗೆ ತಾಗಿಬಿಡುತ್ತದೆ. ಅಟ್ಟದಲ್ಲಿದ್ದ ಎತ್ತಿನ ಕೊರಳ ಗಂಟೆಯೊಂದನ್ನು ಅವರೇ ಹುಡುಕಿ ಕೊಟ್ಟಿದ್ದಾರೆ. ಈಗ ಅದು ಹ್ಯಾಂಡಲ್ಲಿಗೆ ಕಟ್ಟಿದೆ.